ಗಟ್ಟಿ ಅಂಟು ಸಾಲದು, ಲೋಹದ ಮೈ ಹದವಾಗಬೇಕು

ಲೋಹದ ಹಾಳೆಯಿಂದ ನಾರಿನ ಪದರ ಕಿತ್ತುಬಂತು ಎಂದರೆ ಸಾಕು, ಎಲ್ಲರೂ ದೂರುವುದು ಅಂಟನ್ನೇ. ಇನ್ನೂ ಗಟ್ಟಿ ಅಂಟು ಹಾಕಬೇಕಿತ್ತಂತೆ! ಇಲ್ಲಿ ಬಳಸುವ ಎಪಾಕ್ಸಿ ಎಂಬ ಅಂಟಿಗೆ ಬೇಕಾದಷ್ಟು ಬಲವಿದೆ. ಹೆಚ್ಚಿನ ಸಲ ಕೈಕೊಡುವುದು ಅದರಡಿಯ ಅಲ್ಯೂಮಿನಿಯಂನ ಮೈ.

ಏರ್‌ಬಸ್ ಎ380 ವಿಮಾನದ ಒಡಲಿನ ಮೇಲ್ಭಾಗಕ್ಕೆ ಹೊದಿಸಿರುವ ಗ್ಲೇರ್, ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಬೆಳೆದ ವಸ್ತು. ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಎಪಾಕ್ಸಿಯಲ್ಲಿ ನೆನೆದ ಗಾಜಿನ ನಾರು. ಲೋಹ ಬಿರುಕು ಬಿಟ್ಟರೂ ನಾರು ಅದರ ಎರಡೂ ದಡಗಳನ್ನು ಹಿಡಿದು ಬಿರುಕು ಬೆಳೆಯದಂತೆ ತಡೆಯುತ್ತದೆ. ಪದರಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಮಾತ್ರ.

ಕಚ್ಚಿಸುವುದು ಹೇಗೆ? ಮೊದಲು ಜಿಡ್ಡು ತೆಗೆಯಬೇಕು. ತೊಳೆದ ಹಾಳೆಯ ಮೇಲೆ ನೀರು ಒಡೆಯದ ಪೊರೆಯಾಗಿ ಹರಡಿದರೆ ಸರಿ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಮತ್ತೆ ತೊಳೆಯಿರಿ. ಆಮೇಲೆ ಬರುವುದೇ ನನಗೆ ಅತ್ಯಂತ ಪ್ರಿಯವಾದ ಹಂತ. 1970ರ ದಶಕದಲ್ಲಿ ಬೋಯಿಂಗ್ ಬೆಳೆಸಿದ ವಿಧಾನದಲ್ಲಿ ಹಾಳೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ಮುಳುಗಿಸಿ, ಧನ ತುದಿಗೆ ಜೋಡಿಸಿ, ಸುಮಾರು 10 ವೋಲ್ಟ್ ಕೊಡುತ್ತಾರೆ. ವಿದ್ಯುತ್ತು ಲೋಹದ ಮೈಮೇಲೆ ಆಕ್ಸೈಡಿನ ಪದರವನ್ನು, ಅಂದರೆ ಆಮ್ಲಜನಕ ಕೂಡಿದ ಅಲ್ಯೂಮಿನಿಯಂ ಪದರವನ್ನು, ಬೆಳೆಸುತ್ತದೆ, ಆಮ್ಲ ಅದನ್ನೇ ಕರಗಿಸುತ್ತದೆ. ಈ ಪೈಪೋಟಿಯಲ್ಲಿ ಹತ್ತಾರು ನ್ಯಾನೊಮೀಟರ್ ಅಗಲದ ರಂಧ್ರಗಳು ಒತ್ತೊತ್ತಾಗಿ ಏಳುತ್ತವೆ. ಅಂಟಿಗೂ ಮೊದಲು ಬಳಿಯುವ ತೆಳು ಲೇಪ, ಪ್ರೈಮರ್, ಅವುಗಳೊಳಗೆ ಇಳಿದು ಗಟ್ಟಿಯಾದರೆ, ಆಕ್ಸೈಡ್ ಎಲ್ಲಿ ಮುಗಿಯಿತು, ಪ್ರೈಮರ್ ಎಲ್ಲಿ ಶುರುವಾಯಿತು ಎಂಬ ಗೆರೆಯೇ ಉಳಿಯುವುದಿಲ್ಲ. ಜೊತೆಗೆ ಆಕ್ಸೈಡಿನಲ್ಲಿ ಸೇರಿಕೊಂಡ ಫಾಸ್ಫೇಟು ನೀರಿನ ದಾಳಿಯನ್ನು ನಿಧಾನಗೊಳಿಸುತ್ತದೆ.

ನೀರೇ ದೊಡ್ಡ ವೈರಿ. ಅದು ಆಕ್ಸೈಡಿಗೆ ಸೇರಿದರೆ ಆಕ್ಸೈಡು ಉಬ್ಬಿ, ಸಡಿಲವಾಗಿ, ಲೋಹದಿಂದ ಕಳಚಿಕೊಳ್ಳುತ್ತದೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737ರ ಚಾವಣಿ ಹಾರಾಟದಲ್ಲೇ ಹರಿದುಹೋಯಿತು. ಗಗನಸಖಿಯೊಬ್ಬರು ಜೀವ ತೆತ್ತರು. ಅಲ್ಲಿ ನಾರಿರಲಿಲ್ಲ, ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಅಂಟಿಸಿದ್ದರು. ಅಂಟು ಬಿಟ್ಟ ಕಡೆ ಭಾರವೆಲ್ಲ ರಿವೆಟ್‌ಗಳ ಮೇಲೆ ಬಿತ್ತು, ರಿವೆಟ್ ತೂತುಗಳ ಬಿರುಕುಗಳು ಒಂದನ್ನೊಂದು ಕೂಡಿಕೊಂಡವು.

ಹಾಗಾಗಿ ಒಣಗಿದ ತುಂಡನ್ನು ಎಳೆದು ನೋಡಿ ಬೀಗುವುದು ಅಪಾಯ. ಅಂಟಿಸಿದ ಎರಡು ಪಟ್ಟಿಗಳ ನಡುವೆ ಬೆಣೆ ಬಡಿದು, ಬಿಸಿ ತೇವದಲ್ಲಿಟ್ಟು, ಬಿರುಕು ಎಷ್ಟು ಸರಿಯಿತೆಂದು ಅಳೆಯಬೇಕು. ಬಿಡಿಸಿದಾಗ ಎರಡೂ ಮೈಗಳಲ್ಲಿ ಅಂಟು ಉಳಿದಿದ್ದರೆ ಮೈ ಹದವಾಗಿದೆ. ಒಂದರಲ್ಲಿ ಬರೀ ಲೋಹ ಕಂಡರೆ ಹದ ಕೆಟ್ಟಿದೆ.

ಈಗಿನ ಚಿಂತೆ ಬೇರೆ. ತುಕ್ಕು ತಡೆಯಲು ಪ್ರೈಮರಿಗೆ ಬೆರೆಸುತ್ತ ಬಂದ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಬದಲಿಯಾಗಿ ಬಂದಿರುವುದರಲ್ಲಿ ಸಿಲೇನ್ ಒಂದು: ಅದರ ಅಣುವಿನ ಒಂದು ತುದಿ ಆಕ್ಸೈಡಿಗೂ ಇನ್ನೊಂದು ಎಪಾಕ್ಸಿಗೂ ರಾಸಾಯನಿಕವಾಗಿ ಬೆಸೆಯುತ್ತದೆ. ಅದೂ ತೇವದಲ್ಲಿ ವರ್ಷಗಟ್ಟಲೆ ತಾಳಬೇಕು, ಅಂಟಿಸುವ ಕೆಲಸಗಾರನ ಶ್ವಾಸಕೋಶವೂ ಉಳಿಯಬೇಕು.