ರೋಮ್‌ನ ಕ್ಯಾಟಕೂಂಬ್‌ಗಳು: ನೋಡಲು ಬಂದವರ ಕಥೆ

ರೋಮ್‌ನಲ್ಲಿ ನೆಲದಡಿ ಸುರಂಗ ತೋಡಿ ಮಾಡಿದ ಹಳೆಯ ಸ್ಮಶಾನಗಳಿಗೆ ಕ್ಯಾಟಕೂಂಬ್‌ ಎನ್ನುತ್ತಾರೆ. ಅವನ್ನು ನೋಡಿ ಬಂದವರ ದೂರು ಹೆಚ್ಚುಕಡಿಮೆ ಒಂದೇ. ಫೋಟೊ ತೆಗೆಯಲು ಬಿಡಲಿಲ್ಲ, ಬೇಗ ಮುಗಿಸಿಬಿಟ್ಟರು, ಗೈಡ್‌ ಬಿಟ್ಟು ಆಚೀಚೆ ಹೋಗುವ ಹಾಗಿಲ್ಲ. ಈ ಕಟ್ಟುನಿಟ್ಟು ಸುಮ್ನೆ ಬಂದದ್ದಲ್ಲ. ಇದರ ಹಿಂದೆ ಹದಿನೇಳು ಶತಮಾನಗಳ ಅನುಭವವಿದೆ. ಬಂದವರು ಭಕ್ತಿಯಿಂದಲೇ ಬಂದರು, ಹಾಳಾದದ್ದೂ ಬಹುಪಾಲು ಅವರಿಂದಲೇ.

ಊರೊಳಗೆ ಹೆಣ ಹೂಳಬಾರದು ಎಂಬುದು ರೋಮ್‌ನ ಹಳೆಯ ಕಾನೂನು. ಹಾಗಾಗಿ ಗೋರಿಗಳೆಲ್ಲ ಊರಾಚೆಯ ಹೆದ್ದಾರಿಗಳ ಬದಿಗೆ ಬಂದವು. ಅಲ್ಲಿನ ನೆಲ ಜ್ವಾಲಾಮುಖಿಯ ಬೂದಿಯಿಂದಾದ ಟಫ್‌ ಕಲ್ಲು. ಅಗೆಯುವಾಗ ಮೆತ್ತಗಿದ್ದು, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಎರಡನೇ ಶತಮಾನದ ಕೊನೆಯ ಹೊತ್ತಿಗೆ ಕ್ರೈಸ್ತರು ಇಲ್ಲಿ ದೊಡ್ಡ ಪ್ರಮಾಣದಲ್ಲಿ ಸುರಂಗ ತೋಡಲು ಶುರುಮಾಡಿದರು. ಸಂತ ಕ್ಯಾಲಿಸ್ಟಸ್‌ ಹೆಸರಿನ ಕ್ಯಾಟಕೂಂಬ್‌ ಒಂದರಲ್ಲೇ ಸುಮಾರು 20 ಕಿಲೋಮೀಟರ್‌ ಸುರಂಗವಿದೆ.

ಗೋಡೆಯಲ್ಲಿ ಒಂದರ ಮೇಲೊಂದು ಉದ್ದನೆಯ ಗೂಡುಗಳು. ಬಟ್ಟೆ ಸುತ್ತಿದ ದೇಹವನ್ನು ಒಳಗಿಟ್ಟು, ಹೆಂಚು ಅಥವಾ ಅಮೃತಶಿಲೆಯ ಚಪ್ಪಡಿ ಮುಚ್ಚಿ ಗಾರೆ ಮೆತ್ತುತ್ತಿದ್ದರು. ಗಾರೆ ಹಸಿಯಾಗಿದ್ದಾಗಲೇ ಅದಕ್ಕೊಂದು ನಾಣ್ಯ, ಚಿಪ್ಪು, ಗಾಜಿನ ಬಟ್ಟಲಿನ ತಳ ಒತ್ತಿಡುತ್ತಿದ್ದರು. ಕೆಲವು ಕಡೆ ಪುಟ್ಟ ಗೊಂಬೆಗಳೂ ಸಿಕ್ಕಿವೆ. ಹೆಸರು ಕೆತ್ತಿಸದಿದ್ದರೂ ತಮ್ಮವರ ಗೂಡು ಯಾವುದೆಂದು ಆ ಕತ್ತಲಲ್ಲಿ ಗುರುತು ಸಿಗಬೇಕಲ್ವಾ? ನನಗೆ ಅಲ್ಲಿನ ಗೋಡೆಚಿತ್ರಗಳಿಗಿಂತ ಹೆಚ್ಚು ಕಾಡುವುದು ಈ ಗುರುತುಗಳೇ.

ಕ್ರೈಸ್ತರು ಹೆದರಿ ಇಲ್ಲಿ ಅಡಗಿ ಬದುಕುತ್ತಿದ್ದರು ಎಂಬ ಮಾತು ಜಾಸ್ತಿ ಚಾಲ್ತಿಯಲ್ಲಿದೆ. ಅದು ನಿಜವಲ್ಲ. ಈ ಜಾಗಗಳು ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತಿದ್ದವು. 257ರಲ್ಲಿ ಚಕ್ರವರ್ತಿ ವಲೇರಿಯನ್‌ ಕ್ರೈಸ್ತರು ಸ್ಮಶಾನಗಳಲ್ಲಿ ಸೇರಬಾರದೆಂದು ಆಜ್ಞೆ ಹೊರಡಿಸಿದ. ಮರುವರ್ಷ ಆಗಸ್ಟ್‌ನಲ್ಲಿ ಪೋಪ್‌ ಎರಡನೇ ಸಿಕ್ಸ್ಟಸ್‌ ಸಿಕ್ಕಿಬಿದ್ದು ಕೊಲೆಯಾದದ್ದು ಇಂಥ ಸ್ಮಶಾನವೊಂದರಲ್ಲೇ.

ಜನ ಬರುತ್ತಿದ್ದದ್ದು ಸತ್ತವರನ್ನು ನೆನೆಯಲು. ನಾವು ಹಿರಿಯರಿಗೆ ಎಡೆ ಇಟ್ಟು ಊಟ ಮಾಡುವ ಹಾಗೆ ಅವರೂ ಸಮಾಧಿಯ ಬಳಿ ಕೂತು ಉಣ್ಣುತ್ತಿದ್ದರು. ಸಂತ ಸೆಬಾಸ್ಟಿಯನ್‌ ಚರ್ಚಿನ ಕೆಳಗೆ ಅಂಥ ಊಟದ ಜಾಗವೊಂದು ಸಿಕ್ಕಿದೆ. ಮೂರನೇ ಶತಮಾನದಲ್ಲಿ ಬಂದವರು ಅದರ ಗೋಡೆ ಮೇಲೆ ಪೀಟರ್‌ ಮತ್ತು ಪೌಲರ ಹೆಸರು ಕರೆದು, ನಮಗಾಗಿ ಬೇಡಿಕೊಳ್ಳಿ ಎಂದು ಗೀಚಿದ್ದಾರೆ. ಅಂಥ ಗೀಚುಬರಹ 600ಕ್ಕೂ ಹೆಚ್ಚು. ಅದನ್ನು ಹಾನಿ ಎನ್ನಬೇಕೋ ಪ್ರಾರ್ಥನೆ ಎನ್ನಬೇಕೋ? ಇವತ್ತು ನಮಗೆ ಅದು ಅಮೂಲ್ಯ ದಾಖಲೆ.

ನಾಲ್ಕನೇ ಶತಮಾನದಲ್ಲಿ ಕ್ರೈಸ್ತಧರ್ಮಕ್ಕೆ ಸ್ವಾತಂತ್ರ್ಯ ಸಿಕ್ಕಿತು. ಯಾತ್ರಿಕರು ಹೆಚ್ಚಾದರು. ಮುಂದೆ ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಸಂತ ಜೆರೋಮ್‌ ಆಗ ರೋಮ್‌ನಲ್ಲಿ ಓದುತ್ತಿದ್ದ. ಭಾನುವಾರಗಳಂದು ಗೆಳೆಯರ ಜೊತೆ ಇಲ್ಲಿಗೆ ಇಳಿಯುತ್ತಿದ್ದ. ಎರಡೂ ಬದಿ ಹೆಣಗಳು, ಮೇಲಿನ ಕಿಂಡಿಯಿಂದ ಅಷ್ಟಿಷ್ಟು ಬೆಳಕು, ಉಳಿದದ್ದೆಲ್ಲ ಕತ್ತಲು ಎಂದು ಮುಂದೆ ಬರೆದಿದ್ದಾನೆ. ಪೋಪ್‌ ಡಮಾಸಸ್‌ (366–384) ಬಂದವರಿಗೆ ಅನುಕೂಲವಾಗಲೆಂದು ಮೆಟ್ಟಿಲು ಕಟ್ಟಿಸಿ, ಹುತಾತ್ಮರ ಸಮಾಧಿಗಳಿಗೆ ಪದ್ಯದ ಶಾಸನ ಹಾಕಿಸಿದ.

ಆಮೇಲೆ ದಾಳಿಗೆ ಬಂದ ಗೋಥರು, ಲೊಂಬಾರ್ಡರು ಎಂಬ ಜರ್ಮನ್‌ ಮೂಲದ ಜನ ಊರಾಚೆಯ ಈ ಜಾಗಗಳನ್ನು ದೋಚಿದರು. ಎಂಟು, ಒಂಬತ್ತನೇ ಶತಮಾನದಲ್ಲಿ ಪೋಪ್‌ಗಳು ಹುತಾತ್ಮರ ಮೂಳೆಗಳನ್ನು ಊರೊಳಗಿನ ಚರ್ಚ್‌ಗಳಿಗೆ ಸಾಗಿಸಿದರು. ಸಂತರಿಲ್ಲದ ಮೇಲೆ ಯಾತ್ರಿಕರೂ ಇಲ್ಲ. ಕೆಲವನ್ನು ಬಿಟ್ಟರೆ ಉಳಿದೆಲ್ಲ ಕ್ಯಾಟಕೂಂಬ್‌ಗಳು ಮಣ್ಣು ಮುಚ್ಚಿ ಮರೆತುಹೋದವು.

1578ರ ಮೇ 31ರಂದು ಸಲಾರಿಯಾ ರಸ್ತೆಯ ಬಳಿ ಗಾರೆಯ ಮಣ್ಣು ಅಗೆಯುತ್ತಿದ್ದವರಿಗೆ ಚಿತ್ರಗಳಿರುವ ಸುರಂಗವೊಂದು ಸಿಕ್ಕಿತು. ಈ ಲೋಕವನ್ನು ಪಟ್ಟಾಗಿ ಹುಡುಕಿದವನು ಆಂಟೋನಿಯೊ ಬೊಸಿಯೊ. 1593ರಲ್ಲಿ ಮೊದಲ ಸಲ ಇಳಿದಾಗ ದಾರಿ ತಪ್ಪಿದ. ಮೇಣದಬತ್ತಿ ಮುಗಿಯುತ್ತ ಬಂತು. ತನ್ನ ಹೆಣ ಇಲ್ಲೇ ಬಿದ್ದು ಹುತಾತ್ಮರ ಜಾಗ ಮೈಲಿಗೆಯಾದೀತೆಂದು ಅವನಿಗೆ ಭಯವಾಯಿತಂತೆ. ಅಷ್ಟು ಗೌರವವಿದ್ದವನೇ ಹಳೆಯ ವರ್ಣಚಿತ್ರಗಳ ಮೇಲೆ ಕಪ್ಪಕ್ಷರದಲ್ಲಿ ತನ್ನ ಹೆಸರನ್ನೂ ಬರೆದ!

ಅದೇ ಕಾಲಕ್ಕೆ ಇನ್ನೂ ದೊಡ್ಡ ಹಾನಿ ಶುರುವಾಯಿತು. ಯಾರದೋ ಮೂಳೆಗಳನ್ನು ಹುತಾತ್ಮರದ್ದೆಂದು ತೆಗೆದು ಯುರೋಪಿನ ಚರ್ಚ್‌ಗಳಿಗೆ ಕಳಿಸಿದರು. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಆ ಅಸ್ಥಿಪಂಜರಗಳಿಗೆ ರೇಷ್ಮೆ ಉಡಿಸಿ ಒಡವೆ ತೊಡಿಸಿದರು. ಸಾವಿರಾರು ಗೂಡುಗಳು ಬಾಯ್ದೆರೆದು ಖಾಲಿಯಾದವು.

1849ರಲ್ಲಿ ಪುರಾತತ್ವಜ್ಞ ಜೊವಾನ್ನಿ ಬತ್ತಿಸ್ತಾ ದೆ ರೊಸ್ಸಿಗೆ ದ್ರಾಕ್ಷಿತೋಟವೊಂದರಲ್ಲಿ ‘...ನೀಲಿಯಸ್‌ ಹುತಾತ್ಮ’ ಎಂದು ಲ್ಯಾಟಿನ್‌ನಲ್ಲಿ ಕೆತ್ತಿದ ಕಲ್ಲಿನ ಚೂರು ಸಿಕ್ಕಿತು. ಇದು ಪೋಪ್‌ ಕಾರ್ನೀಲಿಯಸ್‌ ಸಮಾಧಿಯದ್ದೇ ಎಂದು ಊಹಿಸಿದ. ಆ ತೋಟವನ್ನು ಕೊಳ್ಳಲು ಪೋಪ್‌ ಒಂಬತ್ತನೇ ಪಯಸ್‌ನನ್ನು ಒಪ್ಪಿಸಿ ಅಗೆಸಿದ. 1852ರಲ್ಲಿ ಶಾಸನದ ಇನ್ನೊಂದು ತುಂಡು ಸಿಕ್ಕಿತು. 1854ರಲ್ಲಿ ಮೂರನೇ ಶತಮಾನದ ಪೋಪ್‌ಗಳನ್ನು ಇಟ್ಟಿದ್ದ ಕೋಣೆಯೇ ಸಿಕ್ಕಿತು. 1852ರಲ್ಲೇ ಈ ಜಾಗಗಳ ಕಾವಲಿಗೆ ಪೋಪ್‌ ಒಂದು ಆಯೋಗ ರಚಿಸಿದ. ಇಟಲಿ ಮತ್ತು ವ್ಯಾಟಿಕನ್‌ ನಡುವಿನ 1929ರ ಒಪ್ಪಂದದ ಪ್ರಕಾರ ಇಟಲಿಯ ಕ್ರೈಸ್ತ ಕ್ಯಾಟಕೂಂಬ್‌ಗಳ ಹೊಣೆ ಇಂದಿಗೂ ವ್ಯಾಟಿಕನ್‌ದೇ.

ಈಗಿನ ಅಪಾಯ ಥಟ್ಟನೆ ಕಣ್ಣಿಗೆ ಕಾಣುವಂಥದ್ದಲ್ಲ. ದೀಪ ಇರುವಲ್ಲೆಲ್ಲ ಗೋಡೆಗೆ ಹಸಿರು ಪಾಚಿ ಹತ್ತುತ್ತದೆ. ಜನರ ಉಸಿರಿನಿಂದ ತೇವವೂ ಇಂಗಾಲದ ಡೈಆಕ್ಸೈಡೂ ಏರುತ್ತವೆ. ಡೊಮಿಟಿಲ್ಲಾ ಕ್ಯಾಟಕೂಂಬ್‌ನಲ್ಲಿ ಚಾವಣಿಯ ಚಿತ್ರಗಳ ಮೇಲಿನ ಮಸಿ, ಪಾಚಿ, ಸುಣ್ಣದ ಪದರವನ್ನು ಲೇಸರ್‌ ಕಿರಣದಿಂದ ಸುಟ್ಟು ತೆಗೆಯಲು ವರ್ಷಗಟ್ಟಲೆ ಹಿಡಿಯಿತು. ಅಲ್ಲಿನ ‘ರೊಟ್ಟಿ ಮಾಡುವವರ ಕೋಣೆ’ ಎಂಬ ಸಮಾಧಿ ಕೋಣೆಯ ಬಣ್ಣಗಳು 2017ರಲ್ಲಿ ಜನರೆದುರು ಬಂದವು.

ಹಾಗಾಗಿ ರೋಮ್‌ನ ಸುಮಾರು 60 ಕ್ಯಾಟಕೂಂಬ್‌ಗಳಲ್ಲಿ ಎಲ್ಲರಿಗೂ ತೆರೆದಿರುವುದು ಕ್ಯಾಲಿಸ್ಟಸ್‌, ಸೆಬಾಸ್ಟಿಯನ್‌, ಡೊಮಿಟಿಲ್ಲಾ, ಪ್ರಿಸಿಲ್ಲಾದಂಥ ಬೆರಳೆಣಿಕೆಯಷ್ಟು ಮಾತ್ರ. ಇದು ಸರಿಯಾದ ತೀರ್ಮಾನ ಎಂದೇ ನನ್ನ ಅನಿಸಿಕೆ. ಹೋಗುವವರು ಬೇಸಿಗೆಯಲ್ಲೂ ತೆಳ್ಳನೆಯ ಸ್ವೆಟರ್‌ ಇಟ್ಟುಕೊಳ್ಳಿ, ಒಳಗೆ ತಂಪಿರುತ್ತದೆ. ವಾರದ ರಜೆ ಒಂದೊಂದಕ್ಕೆ ಒಂದೊಂದು ದಿನ. ಚಳಿಗಾಲದಲ್ಲಿ ಕೆಲವು ವಾರ ಪೂರ್ತಿ ಮುಚ್ಚುವುದೂ ಉಂಟು. ಹೊರಡುವ ಮೊದಲು ವಿಚಾರಿಸಿಕೊಳ್ಳಿ.