ಕಾಮಾ ಎಲ್ಲಿ ಬೇಕು, ಎಲ್ಲಿ ಬೇಡ: ಇಂಗ್ಲಿಷ್ ಕಲಿಸುವವರಿಗೆ ಟಿಪ್ಪಣಿ

‘ಉಸಿರು ತೆಗೆದುಕೊಳ್ಳುವ ಕಡೆ ಕಾಮಾ ಹಾಕಿ’ ಅಂತ ಹೇಳಿಕೊಡುವ ರೂಢಿ ಇದೆ. ಹೇಳೋಕೆ ಸುಲಭ, ಆದರೆ ಉತ್ತರಪತ್ರಿಕೆ ತಿದ್ದುವಾಗ ಕೈಕೊಡುತ್ತದೆ. ಒಬ್ಬೊಬ್ಬರ ಉಸಿರು ಒಂದೊಂದು ಕಡೆ ನಿಲ್ಲುತ್ತದೆ, ಅಲ್ವಾ? ಇಂಗ್ಲಿಷಿನ ಕಾಮಾ ಜಾಸ್ತಿ ನಂಬುವುದು ವಾಕ್ಯದ ಕಟ್ಟನ್ನು.

ಮೊದಲು ಕಾಮಾ ಸ್ಪ್ಲೈಸ್ ನೋಡೋಣ. ಕನ್ನಡದಲ್ಲಿ ‘ಮಳೆ ಬಂತು, ಆಟ ನಿಂತಿತು’ ಅಂದರೆ ಯಾರೂ ಕೆಂಪು ಪೆನ್ನು ಎತ್ತುವುದಿಲ್ಲ. ‘ಇಟ್ ರೇನ್ಡ್, ದ ಗೇಮ್ ಸ್ಟಾಪ್ಡ್’ ಅಂದರೆ ತಪ್ಪು. ಎರಡೂ ಪೂರ್ತಿ ವಾಕ್ಯಗಳು. ಬರೀ ಕಾಮಾದಿಂದ ಅವನ್ನು ಜೋಡಿಸುವಂತಿಲ್ಲ. ಫುಲ್‌ಸ್ಟಾಪ್ ಹಾಕಿ, ಸೆಮಿಕೋಲನ್ ಹಾಕಿ, ಇಲ್ಲವೇ ಕಾಮಾದ ನಂತರ ‘ಸೋ’ ಸೇರಿಸಿ. ಹೀಗೆ ಸೇರಿಸಲು ಸಾಮಾನ್ಯವಾಗಿ ಕಲಿಸುವ ಪದಗಳು 7: ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ.

‘ಹೌಎವರ್’ ಈ ಗುಂಪಿನದಲ್ಲ. ಚೆನ್ನಾಗಿ ಬರೆಯುವವರೂ ಎಡವುವುದು ಇಲ್ಲೇ. ‘ಇಟ್ ರೇನ್ಡ್; ಹೌಎವರ್, ವಿ ಪ್ಲೇಡ್’ ಸರಿ. ಸೆಮಿಕೋಲನ್ ಜಾಗಕ್ಕೆ ಕಾಮಾ ಬಂದರೆ ಮತ್ತೆ ಅದೇ ತಪ್ಪು. ಮಕ್ಕಳಿಗೆ ಒಂದು ಪರೀಕ್ಷೆ ಕೊಡಿ: ‘ವಿ ಪ್ಲೇಡ್, ಹೌಎವರ್’ ಅಂತ ಅದನ್ನು ಕೊನೆಗೆ ಸರಿಸಬಹುದು, ‘ಬಟ್’ ಹಾಗೆ ಸರಿಯುವುದಿಲ್ಲ. ‘ಹಾಗಾದ್ರೆ ಐ ಕೇಮ್, ಐ ಸಾ, ಐ ಕಾಂಕರ್ಡ್?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದೇ ತರಹದ ಪುಟ್ಟ ಪುಟ್ಟ ವಾಕ್ಯಗಳ ಸಾಲಿಗೆ ಆ ರಿಯಾಯಿತಿ ಇದೆ ಅನ್ನಿ.

ಇನ್ನು ‘ಮೈ ಬ್ರದರ್ ಹೂ ಪ್ಲೇಸ್ ಚೆಸ್ ಈಸ್ ಟಾಲ್’. ಕಾಮಾ ಇಲ್ಲದಿದ್ದರೆ ಅಣ್ಣತಮ್ಮಂದಿರು ಹಲವರು, ಅವರಲ್ಲಿ ಚೆಸ್ ಆಡುವವನ ಮಾತು. ‘ಹೂ ಪ್ಲೇಸ್ ಚೆಸ್’ ಆಚೀಚೆ ಕಾಮಾ ಹಾಕಿದರೆ ಇರುವವನೇ ಒಬ್ಬ. ಚೆಸ್ ವಿಷಯ ಸುಮ್ನೆ ಜೊತೆಗೆ ಬಂತು. ಕಾಮಾ ಎರಡೂ ಇರಬೇಕು. ಒಂದನ್ನೇ ಹಾಕಿ ಮರೆಯುವವರೇ ಜಾಸ್ತಿ.

ಪಟ್ಟಿಯ ಕೊನೆಯಲ್ಲಿ ‘ಆಂಡ್’ ಅಥವಾ ‘ಆರ್’ಗೆ ಮೊದಲು ಬರುವುದು ಆಕ್ಸ್‌ಫರ್ಡ್ ಕಾಮಾ. ಹಾಕಿದರೂ ಸರಿ, ಬಿಟ್ಟರೂ ಸರಿ, ಅದಕ್ಕೆ ಅಂಕ ಕಳೆಯಬೇಡಿ. ಆದರೆ ಅರ್ಥ ಎರಡಾಗುವ ಕಡೆ ಬಿಡಬಾರದು. ಅಮೆರಿಕದ ಮೇನ್ ರಾಜ್ಯದಲ್ಲಿ ಓವರ್‌ಟೈಮ್ ಸಂಬಳ ಸಿಗದ ಕೆಲಸಗಳ ಪಟ್ಟಿ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅಂತ ಮುಗಿಯುತ್ತಿತ್ತು. ‘ಶಿಪ್‌ಮೆಂಟ್’ ನಂತರ ಕಾಮಾ ಇರಲಿಲ್ಲ. ಹಾಗಾದರೆ ಪಟ್ಟಿಯಲ್ಲಿರುವುದು ಪ್ಯಾಕಿಂಗ್ ಮಾತ್ರ, ನಾವು ಮಾಡುವುದು ಸಾಗಣೆ ಅಂತ ಓಕ್‌ಹರ್ಸ್ಟ್ ಡೈರಿಯ ಚಾಲಕರು ವಾದಿಸಿದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಆ ಕಾನೂನಿನ ಪಟ್ಟಿಯಲ್ಲಿ ಈಗ ಕಾಮಾಗಳ ಬದಲು ಸೆಮಿಕೋಲನ್‌ಗಳಿವೆ.