‘18 ಗೇಜ್’ ಅಂದರೆ ಎಷ್ಟು ದಪ್ಪ, ಸ್ವಾಮಿ?

ಮೂರು ಕೊಟೇಶನ್ ಹಿಡಿದುಕೊಂಡು ಬರುತ್ತಾರೆ. ಮೂರರಲ್ಲೂ ‘18 ಗೇಜ್ ಶೀಟಿನ ಗೇಟು’ ಅಂತಲೇ ಬರೆದಿರುತ್ತದೆ. ರೇಟು ಮಾತ್ರ ಬೇರೆ ಬೇರೆ. ‘ನಿಮ್ಮದ್ಯಾಕೆ ಇಷ್ಟು ಜಾಸ್ತಿ? ಎಲ್ಲರದ್ದೂ ಅದೇ 18 ಗೇಜ್ ಅಲ್ವಾ?’ ಅಂತ ಕೇಳುತ್ತಾರೆ. ಆಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: 18 ಗೇಜ್ ಅಂದರೆ ಎಷ್ಟು ಮಿಲಿಮೀಟರ್? ಉತ್ತರ ಬರುವುದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ. ‘ಅದು ನಿಮಗೆ ಗೊತ್ತಿರಬೇಕು, ನಮಗ್ಯಾಕೆ?’

ಹಾಸನದಲ್ಲಿ ನನ್ನದು ಫ್ಯಾಬ್ರಿಕೇಶನ್ ಕೆಲಸ. ಗೇಟು, ಶಟರ್, ತೋಟದ ಬೇಲಿ, ತಾರಸಿ ಮೇಲಿನ ಶೀಟು. ಯಾವ ಗೇಟು ಚೆಂದ, ಯಾವ ಬಣ್ಣ ಬಾಳಿಕೆ ಬರುತ್ತದೆ ಅನ್ನುವುದನ್ನು ಜನ ಈಗ ಮೊಬೈಲಿನಲ್ಲೇ ನೋಡಿಕೊಂಡು ಬರುತ್ತಾರೆ. ಗೇಜ್ ವಿಷಯದಲ್ಲಿ ಮಾತ್ರ ಓದಿದವರು, ಓದದವರು ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಎಂಜಿನಿಯರುಗಳೂ ಸೇರಿದ ಹಾಗೆ.

ಗೇಜ್ ನಂಬರ್ ಅಳತೆ ಅಲ್ಲ. ಯಾವುದೋ ಒಂದು ಪಟ್ಟಿಯ ಸಾಲಿನ ನಂಬರ್ ಅದು, ಅಷ್ಟೇ. 18 ಅಂದರೆ ಆ ಪಟ್ಟಿಯ 18ನೇ ಸಾಲಿನಲ್ಲಿ ಏನು ಬರೆದಿದೆಯೋ ಅದು. ಪಟ್ಟಿ ಯಾವುದು ಅಂತ ಹೇಳದೆ ಬರೀ 18 ಅನ್ನುವುದು, ಬೀದಿ ಹೆಸರು ಹೇಳದೆ ಮನೆ ನಂಬರ್ ಮಾತ್ರ ಹೇಳಿದ ಹಾಗೆ. ಇಂಥ ಪಟ್ಟಿ ಒಂದಲ್ಲ, ಹತ್ತಾರು ಇವೆ.

ನಮ್ಮಲ್ಲಿ ಸಾಮಾನ್ಯವಾಗಿ ಬಳಸುವುದು ಇಂಗ್ಲೆಂಡಿನ ಸ್ಟ್ಯಾಂಡರ್ಡ್ ವೈರ್ ಗೇಜ್, ಅಂದರೆ ಎಸ್‌ಡಬ್ಲ್ಯುಜಿ ಪಟ್ಟಿ. 1884ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕಾಯಂ ಮಾಡಿತು. ಅದಕ್ಕೆ ಮುಂಚೆ ಅಲ್ಲಿನ ತಂತಿ ಕಾರ್ಖಾನೆಗಳವರು ತಮ್ಮ ತಮ್ಮ ನಂಬರ್ ಇಟ್ಟುಕೊಂಡಿದ್ದರು. ಇದರಲ್ಲಿ 18 ಅಂದರೆ 1.219 ಮಿ.ಮೀ., 20 ಅಂದರೆ 0.914. ಇದು ಮೂಲತಃ ತಂತಿಯ ಪಟ್ಟಿ. ನಾವು ಅದನ್ನೇ ತಗಡಿಗೂ ಹಚ್ಚಿದೆವು. ಅಮೆರಿಕದಲ್ಲಿ ತಗಡಿನ ಗೇಜೇ ಬೇರೆ. 1893ರಲ್ಲಿ ಅವರ ಸಂಸತ್ತು ಒಂದು ಪಟ್ಟಿ ಮಾಡಿತು. ಅದು ಹುಟ್ಟಿದ್ದು ದಪ್ಪದಿಂದಲ್ಲ, ಒಂದು ಚದರಡಿ ತಗಡು ಎಷ್ಟು ತೂಗುತ್ತದೆ ಅನ್ನುವುದರಿಂದ. ಆ ದಾರಿಯಲ್ಲೇ ಬಂದ ಈಗಿನ ಅವರ ಉಕ್ಕಿನ ಪಟ್ಟಿಯಲ್ಲಿ 18 ಅಂದರೆ 1.214 ಮಿ.ಮೀ. ಎರಡೂ ಒಂದೇ ಅಲ್ವಾ ಅನ್ನಿಸುತ್ತದೆ. ಎಲ್ಲರೂ ಮೋಸ ಹೋಗುವುದೇ ಇಲ್ಲಿ. 18, 20ರಲ್ಲಿ ಎರಡು ಪಟ್ಟಿಯೂ ಕೂಡಿಕೊಳ್ಳುತ್ತವೆ. 14ಕ್ಕೆ ಬಂದರೆ ನಮ್ಮದು 2.03, ಅವರದ್ದು 1.90. 10ಕ್ಕೆ ಬಂದರೆ ನಮ್ಮದು 3.25, ಅವರದ್ದು 3.42, ಅಂದರೆ ಈ ಸಲ ಅವರದ್ದೇ ದಪ್ಪ. ಅದೇ ಅಮೆರಿಕದಲ್ಲಿ ಅಲ್ಯೂಮಿನಿಯಂಗೆ ಇನ್ನೊಂದು ಪಟ್ಟಿ. ಅದರಲ್ಲಿ 18 ಅಂದರೆ 1.02 ಮಾತ್ರ.

ಮಗಳು ಟೆಕ್ಸಾಸಿನಿಂದ ಅಡುಗೆಮನೆಯ ನಕ್ಷೆ ಕಳಿಸುತ್ತಾಳೆ. ಸಿಂಕು 16 ಗೇಜ್ ಅಂತ ಬರೆದಿರುತ್ತದೆ. ಅಪ್ಪ ಅದನ್ನು ಇಲ್ಲಿ ಅಂಗಡಿಯಲ್ಲಿ ಓದಿ ಹೇಳುತ್ತಾರೆ. ಅಂಗಡಿಯವನು ತನಗೆ ತಿಳಿದ 16 ಕೊಡುತ್ತಾನೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಬಂದ ಸಿಂಕು ಮಾತ್ರ ಮಗಳು ಹೇಳಿದ್ದೇ ಆಗಿರಬೇಕು ಅಂತೇನಿಲ್ಲ.

ನಂಬರ್ ಜಾಸ್ತಿ ಆದಷ್ಟೂ ದಪ್ಪ ಕಡಿಮೆ ಅನ್ನುವುದು ಇನ್ನೊಂದು ಗೋಳು. ‘22 ಗೇಜೇ ಹಾಕಿ ಸಾರ್, ಗಟ್ಟಿ ಇರಲಿ’ ಅನ್ನುವವರು ಈಗಲೂ ಇದ್ದಾರೆ. ತಂತಿಯನ್ನು ಸಣ್ಣ ಸಣ್ಣ ತೂತುಗಳಿಂದ ಎಳೆದು ತೆಳ್ಳಗೆ ಮಾಡುತ್ತಿದ್ದರು, ಎಷ್ಟು ಸಲ ಎಳೆದರೋ ಅದೇ ನಂಬರ್ ಆಯಿತು ಅಂತ ಇದಕ್ಕೆ ಕಾರಣ ಹೇಳುತ್ತಾರೆ. ಜಾಸ್ತಿ ಸಲ ಎಳೆದದ್ದು ಜಾಸ್ತಿ ತೆಳು.

ಸಕಲೇಶಪುರದ ಕಡೆಯ ಹಳೆಯ ಪ್ಲಾಂಟರ್ ಒಬ್ಬರಿಗೆ ಇದನ್ನು ಹೇಳಬೇಕಾಗಿಯೇ ಬರಲಿಲ್ಲ. ‘ಕೋವಿ ಲೆಕ್ಕ ಅಲ್ವೇನ್ರೀ?’ ಅಂದರು. ಹೌದು, ಅದೇ. 12 ಬೋರ್ ಕೋವಿ ಅಂದರೆ, ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಹೊಂದುವ 12 ಗುಂಡು ಮಾಡಬಹುದು ಅಂತ. ನಳಿಗೆ ಸುಮಾರು 18.5 ಮಿ.ಮೀ. 16 ಬೋರ್ ಅಂದರೆ ಅದೇ ಒಂದು ಪೌಂಡಿನಲ್ಲಿ 16 ಗುಂಡು, ಹಾಗಾಗಿ ನಳಿಗೆ ಸಣ್ಣದು. ಅವರು ಮನೆಯ ಕೋವಿಯ ಕಥೆ, ಕಾಡುಹಂದಿಯ ಕಥೆ ಎಲ್ಲ ಹೇಳಿ, ಎರಡು ಲೋಟ ಕಾಫಿ ಕುಡಿದು ಹೋದರು. ಬೇಲಿ ಆರ್ಡರ್ ಮಾತ್ರ ಮುಂದಿನ ವರ್ಷಕ್ಕೆ ಅಂದರು. ಇಂಥ ಗಿರಾಕಿಗಳ ಮೇಲೆ ಸಿಟ್ಟೇ ಬರುವುದಿಲ್ಲ.

ಆಸ್ಪತ್ರೆಯ ಸೂಜಿಯೂ ಹೀಗೇ. ಕೈಗೆ ಡ್ರಿಪ್ ಹಾಕುವ ಹಸಿರು ಕ್ಯಾನುಲಾ 18 ಗೇಜ್, ದಪ್ಪದ್ದು. ಮಕ್ಕಳಿಗೆ ಹಾಕುವ ಹಳದಿಯದು 24, ತೆಳುವಾದದ್ದು. ಅದರ ಪಟ್ಟಿ ಬಂದದ್ದು ಬರ್ಮಿಂಗ್‌ಹ್ಯಾಮಿನ ಹಳೆಯ ತಂತಿ ಲೆಕ್ಕದಿಂದ. ನಮ್ಮ ಎಸ್‌ಡಬ್ಲ್ಯುಜಿ ಅಲ್ಲ. ಅಲ್ಲಿ ಇನ್ನೊಂದು ತಮಾಷೆ ಇದೆ. ಕ್ಯಾನುಲಾದಲ್ಲಿ ಗುಲಾಬಿ ಬಣ್ಣ ಅಂದರೆ 20, ಚುಚ್ಚುಮದ್ದಿನ ಸೂಜಿಯಲ್ಲಿ ಗುಲಾಬಿ ಅಂದರೆ 18. ನರ್ಸುಗಳು ಅದನ್ನು ಹೇಗೆ ತಲೆಯಲ್ಲಿ ಇಟ್ಟುಕೊಳ್ಳುತ್ತಾರೋ, ಅವರಿಗೆ ನನ್ನ ನಮಸ್ಕಾರ.

ರೈಲಿನವರದ್ದು ಮಾತ್ರ ನೇರ ವ್ಯವಹಾರ. ಹಾಸನ–ಮಂಗಳೂರು ದಾರಿ ಮೊದಲು ಮೀಟರ್ ಗೇಜ್, ಅಂದರೆ ಎರಡು ಹಳಿಗಳ ಒಳಬದಿಯ ನಡುವೆ 1000 ಮಿ.ಮೀ. ಈಗ ಬ್ರಾಡ್ ಗೇಜ್, 1676 ಮಿ.ಮೀ. ನಮ್ಮ ಮೆಟ್ರೊ 1435. ಅಲ್ಲಿ ಗೇಜ್ ಅಂದರೆ ಅಂತರವೇ. ಪಟ್ಟಿ ನೋಡಬೇಕಾಗಿಲ್ಲ, ದೊಡ್ಡ ನಂಬರ್ ಅಂದರೆ ದೊಡ್ಡದು.

ಪ್ಲಾಸ್ಟಿಕ್ಕಿನಲ್ಲೂ ದೊಡ್ಡ ನಂಬರೇ ದಪ್ಪ. ಆದರೆ ಅಲ್ಲಿ ಬೇರೆ ಗುಂಡಿ ಇದೆ. ಅರಸೀಕೆರೆ ಕಡೆಯ ನಮ್ಮ ನೆಂಟರೊಬ್ಬರು ಕೃಷಿ ಹೊಂಡಕ್ಕೆ ಹಾಸಲು ಶೀಟು ತಂದರು. ‘500ದ್ದು’ ಅಂತ ಹೇಳಿ ತಂದಿದ್ದರು. ಮುಟ್ಟಿ ನೋಡಿದೆ, ಅಂಗಡಿಯ ಕ್ಯಾರಿಬ್ಯಾಗಿನ ಅಣ್ಣನ ಹಾಗಿತ್ತು. ಬಿಲ್ಲು ನೋಡಿದರೆ 500 ಗೇಜ್. ಅವರಿಗೆ ಬೇಕಾಗಿದ್ದದ್ದು 500 ಮೈಕ್ರಾನ್, ಅಂದರೆ ಅರ್ಧ ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ 100 ಗೇಜ್ ಅಂದರೆ ಸುಮಾರು 25 ಮೈಕ್ರಾನ್. ಹಾಗಾಗಿ 500 ಗೇಜ್ ಅಂದರೆ 125ರ ಆಸುಪಾಸು. ಕೊಟ್ಟ ದುಡ್ಡಿಗೆ ಕಾಲು ಭಾಗ ದಪ್ಪ. ಮಾರಿದವನು ‘ನೀವು 500 ಅಂದಿರಿ, 500 ಕೊಟ್ಟೆ’ ಅಂದನಂತೆ. ಅವನ ಮಾತಿನಲ್ಲೂ ತಪ್ಪಿಲ್ಲ, ನೋಡಿ.

ನಾನು ಗಂಟಲು ಹರಿದುಕೊಂಡು ಹೇಳುವ ವಿಷಯ ಇನ್ನೊಂದಿದೆ. ‘ಎರಡು ನಂಬರ್ ಹೆಚ್ಚುಕಮ್ಮಿ ಆದರೆ ಏನಾಗುತ್ತೆ ಬಿಡಿ’ ಅನ್ನುತ್ತಾರಲ್ಲ, ಏನಾಗುತ್ತದೆ ಅಂತ ಲೆಕ್ಕ ಹಾಕೋಣ.

ಮೊದಲು ತಂತಿ. ಬೇಲಿಗೆ ಚೈನ್‌ಲಿಂಕ್ ಮೆಶ್, ಅಂದರೆ ಹೆಣೆದ ತಂತಿಯ ಬಲೆ, ಕೊಳ್ಳುತ್ತೀರಿ. 10 ಗೇಜ್ ತಂತಿ 3.25 ಮಿ.ಮೀ., 12 ಗೇಜ್ 2.64. ಅಂತರ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಆದರೆ ತಂತಿಯ ತೂಕ, ಎಳೆತ ತಡೆಯುವ ಶಕ್ತಿ ಎರಡೂ ಅಡ್ಡಗಲದ ಮೇಲಲ್ಲ, ಅಡ್ಡ ಕತ್ತರಿಸಿದರೆ ಕಾಣುವ ವೃತ್ತದ ವಿಸ್ತೀರ್ಣದ ಮೇಲೆ ನಿಂತಿವೆ. ಅಂದರೆ ಅಡ್ಡಗಲದ ವರ್ಗದ ಮೇಲೆ. ಲೆಕ್ಕ ಹಾಕಿದರೆ 10 ಗೇಜಿನ ತಂತಿಯಲ್ಲಿ 12 ಗೇಜಿನದ್ದಕ್ಕಿಂತ ಒಂದೂವರೆ ಪಟ್ಟು ಉಕ್ಕು ಇರುತ್ತದೆ. 14 ಗೇಜಿನಿಂದ 8 ಗೇಜಿಗೆ ಹೋದರೆ ಅಡ್ಡಗಲ ಸರಿಯಾಗಿ ಎರಡು ಪಟ್ಟು, ಉಕ್ಕು ನಾಲ್ಕು ಪಟ್ಟು. ‘ನಂಬರಿನಲ್ಲಿ ಆರು ಕಡಿಮೆ, ರೇಟಿನಲ್ಲಿ ನಾಲ್ಕು ಪಟ್ಟು, ಇದ್ಯಾವ ನ್ಯಾಯ?’ ಅಂತ ಕೇಳಿದರೆ ನಾನೇನು ಹೇಳಲಿ!

ಇನ್ನು ತಗಡು. ಇಲ್ಲಿ ಏಟು ಇನ್ನೂ ಜೋರು. 18 ಗೇಜ್ 1.219, 20 ಗೇಜ್ 0.914. ದಪ್ಪದಲ್ಲಿ ಸರಿಯಾಗಿ ಮುಕ್ಕಾಲು. ತೂಕವೂ ಮುಕ್ಕಾಲು. ಇಲ್ಲಿಯವರೆಗೆ ಎಲ್ಲರೂ ಒಪ್ಪುತ್ತಾರೆ. ಆದರೆ ತಗಡು ಬಾಗದೆ ನಿಲ್ಲುವ ಬಿಗಿ ದಪ್ಪದ ಘನದ ಮೇಲೆ ಇರುತ್ತದೆ. ಮುಕ್ಕಾಲನ್ನು ಮುಕ್ಕಾಲರಿಂದ ಗುಣಿಸಿ, ಮತ್ತೆ ಮುಕ್ಕಾಲರಿಂದ ಗುಣಿಸಿ. ನೂರಕ್ಕೆ 42 ಬರುತ್ತದೆ. ಕಾಲು ಭಾಗ ದಪ್ಪ ಕಡಿಮೆ ಮಾಡಿ ದುಡ್ಡು ಉಳಿಸಿದಿರಿ, ಅರ್ಧಕ್ಕಿಂತ ಜಾಸ್ತಿ ಬಿಗಿ ಕಳೆದುಕೊಂಡಿರಿ. ಗೇಟು ಹಾಕುವಾಗ ಡಬಡಬ ಅಂತ ಸದ್ದು ಬರುವುದು, ಹಸು ಒರಗಿದರೆ ಗುಳಿ ಬೀಳುವುದು, ಬಿಸಿಲಿಗೆ ಉಬ್ಬುವುದು ಎಲ್ಲದರ ಮೂಲ ಬಹುಮಟ್ಟಿಗೆ ಇಲ್ಲೇ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಈ ಲೆಕ್ಕ ಸಪಾಟು ತಗಡಿಗೆ. ಮಡಿಕೆ ಕೊಟ್ಟರೆ, ಹಿಂದೆ ಪಟ್ಟಿ ಹೊಡೆದರೆ, ತೆಳು ತಗಡಿನಲ್ಲೂ ಒಳ್ಳೆಯ ಗೇಟು ಮಾಡಬಹುದು. ನಾವೇ ಮಾಡಿದ್ದೇವೆ. ಹಾಗಾಗಿ ‘ದಪ್ಪ ತಗಡೇ ಒಳ್ಳೆಯದು’ ಅಂತ ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ.

ಮೂರನೇ ಗುಂಡಿ ಲೇಪ. ತೋಟದವರು ಇಷ್ಟಪಡುವ ಹಸಿರು ಪ್ಲಾಸ್ಟಿಕ್ ಹೊದಿಕೆಯ ಮೆಶ್ ನೋಡಿ. ‘10 ಗೇಜ್’ ಅಂತ ಮಾರುತ್ತಾರೆ. ಅದು ಹೊರಗಿನ ಅಳತೆ. ಸಿಪ್ಪೆ ಸುಲಿದರೆ ಒಳಗೆ 12 ಇರಬಹುದು, 14 ಕೂಡ ಇರಬಹುದು. 14 ಇದ್ದರೆ ನಿಜವಾದ 10 ಗೇಜಿನ ಉಕ್ಕಿನಲ್ಲಿ ನೂರಕ್ಕೆ 40 ಕೂಡ ಇಲ್ಲ. ಹಂದಿಗೆ ಬಣ್ಣ ಗೊತ್ತಾಗುವುದಿಲ್ಲ, ಒಳಗಿನ ತಂತಿ ಗೊತ್ತಾಗುತ್ತದೆ. ತಾರಸಿಗೆ ಹಾಕುವ ಬಣ್ಣದ ಶೀಟೂ ಹಾಗೆಯೇ. 0.50 ಮಿ.ಮೀ. ಅಂದರೆ ಸಾಮಾನ್ಯವಾಗಿ ಬಣ್ಣ, ಸತು–ಅಲ್ಯೂಮಿನಿಯಂ ಲೇಪ ಎಲ್ಲ ಸೇರಿ. ಚದರ ಮೀಟರಿಗೆ 150 ಗ್ರಾಂ ಲೇಪ ಇದ್ದರೆ ಎರಡೂ ಬದಿ ಸೇರಿ ಅದೇ 0.04 ಮಿ.ಮೀ. ಆಗುತ್ತದೆ. ಮೇಲೆ ಬಣ್ಣ. ಒಳಗಿನ ಉಕ್ಕು 0.42, 0.43ರ ಸುತ್ತಮುತ್ತ ಉಳಿಯುತ್ತದೆ. ಇದು ಮೋಸವಲ್ಲ, ಲೇಪ ಬೇಕೇ ಬೇಕು. ಮಲೆನಾಡಿನ ಮಳೆಗೆ ಲೇಪ ಕಡಿಮೆ ಇರುವ ಶೀಟು ಹಾಕುವುದಕ್ಕಿಂತ ಹೆಂಚು ವಾಸಿ. ಆದರೆ ಒಬ್ಬ ಲೇಪ ಸೇರಿಸಿ 0.50 ಅಂದಿರುತ್ತಾನೆ, ಇನ್ನೊಬ್ಬ ಲೇಪ ಬಿಟ್ಟು 0.45 ಅಂದಿರುತ್ತಾನೆ. ನೀವು ಮೊದಲನೆಯವನದ್ದೇ ದಪ್ಪ ಅಂದುಕೊಂಡು ಅಡ್ವಾನ್ಸ್ ಕೊಟ್ಟು ಬರುತ್ತೀರಿ.

ಎಲೆಕ್ಟ್ರಿಷಿಯನ್ನರು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿದ್ದಾರೆ. ಹಳಬರು ಈಗಲೂ ‘ತ್ರೀ ಟ್ವೆಂಟಿ’, ‘ಸೆವೆನ್ ಟ್ವೆಂಟಿ’ ಅಂತಾರೆ. 20 ಗೇಜಿನ ಮೂರು ಎಳೆ, ಏಳು ಎಳೆ ಅಂತ ಅರ್ಥ. ಆದರೆ ವೈರಿನ ಡಬ್ಬದ ಮೇಲೆ 1.5, 2.5, 4 ಚದರ ಮಿ.ಮೀ. ಅಂತ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ‘ತ್ರೀ ಟ್ವೆಂಟಿ’ ಲೆಕ್ಕ ಹಾಕಿದರೆ 2 ಚದರ ಮಿ.ಮೀ.ಗೆ ಒಂದು ಕೂದಲೆಳೆ ಕಡಿಮೆ. ಈಗಿನ ಡಬ್ಬದಲ್ಲಿ ಆ ಸೈಜೇ ಇಲ್ಲ. ಒಬ್ಬ ಅದಕ್ಕೆ 1.5 ತರುತ್ತಾನೆ, ಇನ್ನೊಬ್ಬ 2.5 ತರುತ್ತಾನೆ. ಗೀಸರಿಗೆ, ಏಸಿಗೆ ಯಾವುದು ಹಾಕಬೇಕು ಅಂತ ನಾನು ಹೇಳಲು ಹೋಗುವುದಿಲ್ಲ, ಅದು ನನ್ನ ಕಸುಬಲ್ಲ. ಲೈಸೆನ್ಸ್ ಇರುವವರನ್ನು ಕೇಳಿ. ಕೇಳುವಾಗ ಚದರ ಮಿಲಿಮೀಟರಿನಲ್ಲೇ ಕೇಳಿ.

ನಮ್ಮ ಕಡೆ ಬರುವವರು ಕೊಟೇಶನ್ನಿನಲ್ಲಿ ಮಿ.ಮೀ. ಬರೆಸಿಕೊಳ್ಳಿ. ಲೇಪ ಸೇರಿಸಿಯೋ ಬಿಟ್ಟೋ ಅಂತಲೂ ಬರೆಸಿ. ‘18 ಗೇಜ್’ ಅಂದರೆ 1.2 ಕೊಡುವವರೂ ಇದ್ದಾರೆ, 1 ಮಿ.ಮೀ. ಕೊಡುವವರೂ ಇದ್ದಾರೆ. ಮಾಲು ಬಂದಾಗ ದಪ್ಪ ಅಳೆಯುವ ಮೈಕ್ರೋಮೀಟರ್ ಇಟ್ಟು ನೋಡಿ. ಕತ್ತರಿಸಿದ ಅಂಚಿನಲ್ಲಿ ಇಡಬೇಡಿ, ಅಲ್ಲಿ ಮುಳ್ಳು ಎದ್ದಿರುತ್ತದೆ, ಜಾಸ್ತಿ ತೋರಿಸುತ್ತದೆ. ಒಂದು ಬೆರಳು ಒಳಗೆ ಇಡಿ, ಮೂರು ನಾಲ್ಕು ಕಡೆ ನೋಡಿ. 1.2 ಅಂದದ್ದು ಅದಕ್ಕಿಂತ ಒಂದು ಚೂರು ಕಡಿಮೆ ಬಂದರೆ ಕೂಗಾಡಬೇಡಿ. ಗಿರಣಿಯಿಂದ ಬರುವಾಗಲೇ ಒಂದಿಷ್ಟು ಹೆಚ್ಚುಕಮ್ಮಿಗೆ ನಿಯಮದಲ್ಲೇ ಅವಕಾಶ ಇದೆ. ಅದು 1 ಅಂತ ತೋರಿಸಿದರೆ ಕೇಳಿ.

ಮೈಕ್ರೋಮೀಟರ್ ಇಲ್ಲದಿದ್ದರೆ ತಕ್ಕಡಿ ಸಾಕು. ಒಂದು ಚದರ ಮೀಟರ್ ಉಕ್ಕಿನ ತಗಡು ಒಂದು ಮಿ.ಮೀ. ದಪ್ಪಕ್ಕೆ 7.85 ಕಿಲೊ ತೂಗುತ್ತದೆ. ಎಂಟು ಅಡಿ ನಾಲ್ಕು ಅಡಿಯ ಶೀಟು 1.2 ಮಿ.ಮೀ. ಇದ್ದರೆ 28 ಕಿಲೊ, 1 ಮಿ.ಮೀ. ಇದ್ದರೆ 23 ಚಿಲ್ಲರೆ. ಗುಜರಿ ಅಂಗಡಿಯ ತಕ್ಕಡಿಯಲ್ಲೂ ಈ ವ್ಯತ್ಯಾಸ ಗೊತ್ತಾಗುತ್ತದೆ.

ರೇಟು ಮಾತಾಡುವಾಗ ಚದರಡಿ ಲೆಕ್ಕವೋ ಕಿಲೊ ಲೆಕ್ಕವೋ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಚದರಡಿ ಲೆಕ್ಕದಲ್ಲಿ ಕೊಟ್ಟರೆ ನಮ್ಮಂಥವರಿಗೆ ತೆಳು ಹಾಕುವ ಆಸೆ. ಕಿಲೊ ಲೆಕ್ಕದಲ್ಲಿ ಕೊಟ್ಟರೆ ಬೇಡದ ಕಡೆಯೂ ಕಬ್ಬಿಣ ತುಂಬುವ ಆಸೆ. ಬೇಲಿಯ ಮೆಶ್ಶಿಗೆ ನಾನು ಕಿಲೊ ಲೆಕ್ಕವನ್ನೇ ಹೇಳುತ್ತೇನೆ, ಜೊತೆಗೆ ತಂತಿಯ ಮಿ.ಮೀ., ಬಲೆಯ ಕಣ್ಣಿನ ಅಳತೆ, ಸುರುಳಿ ಎಷ್ಟು ಉದ್ದ ಅನ್ನುವುದನ್ನೂ ಬರೆದು ಕೊಡುತ್ತೇನೆ. ಗೇಟಿಗೆ ಚದರಡಿ ಆದರೂ ಪರವಾಗಿಲ್ಲ, ತಗಡಿನ ಮಿ.ಮೀ. ಮತ್ತು ಚೌಕಟ್ಟಿನ ಪೈಪಿನ ಮಿ.ಮೀ. ಎರಡೂ ಇದ್ದರೆ. ಪೈಪಿನ ದಪ್ಪವನ್ನು ಮಾತ್ರ ಯಾರೂ ಕೇಳುವುದೇ ಇಲ್ಲ. ಕೊಟೇಶನ್ನಿನಲ್ಲಿ ‘ಹೆವಿ ಪೈಪ್’ ಅಂತ ಇದ್ದರೆ ಸುಮ್ನೆ ತಲೆ ಆಡಿಸಿ ಬರುತ್ತಾರೆ.